ಹಿನ್ನೀರು ಕ್ರಾಸ್

ಇಪ್ಪತ್ತಾರು ವರ್ಷ ಈ ಸ್ಟಾಪಿಗೆ ಟಿಕೆಟ್ ಹರಿದುಕೊಟ್ಟವಳು ನಾನು.
ಇಳಿದವರ ಬೆನ್ನು ಗೊತ್ತು,
ಇಳಿದ ಮೇಲಿನ ದಾರಿ ಗೊತ್ತಿರಲಿಲ್ಲ.
ವಿರಾಜಪೇಟೆಯಿಂದ ಸೋಮವಾರಪೇಟೆಗೆ ದಿನಕ್ಕೊಂದು ಟ್ರಿಪ್ಪು,
ಬಲಗಡೆ ಕಿಟಕಿಯಲ್ಲಿ, ಕಾಫಿಗಿಡಗಳ ಸಂದಿಯಲ್ಲಿ,
ಒಮ್ಮೆ ಹೊಳೆದು ಮರೆಯಾಗುತ್ತಿದ್ದ ಹಾರಂಗಿಯ ನೀರು,
ಚಿಲ್ಲರೆ ಎಣಿಸುವಾಗ ಕೈಜಾರಿದ ಎಂಟಾಣೆಯ ಹಾಗೆ.

ಇವತ್ತು ನಾನೇ ಇಳಿದೆ.
ಜೊತೆಗೆ ಬೆಳ್ಯಪ್ಪ, ಆಗ ನನ್ನ ಬಸ್ಸಿನ ಡ್ರೈವರ್,
ಮಂಕಿ ಟೋಪಿಯಿಂದ ಮೂಗಷ್ಟೇ ಹೊರಗೆ.
"ನಮ್ಮ ಕಡೆ ಇಷ್ಟು ಚಳಿಯಿಲ್ಲ ಮಾರಾಯ್ತಿ" ಎನ್ನುತ್ತಾನೆ,
ಉತ್ತರವೆಂದರೆ ಹಿಮಾಲಯವೇ ಎಂಬಂತೆ.
ಮನೆಯಿಂದ ಇಲ್ಲಿಗೆ ಬರೇ ಎರಡು ಗಂಟೆ.

ಊರೆಂದರೆ ಹದಿನೇಳು ಮನೆ, ಒಂದು ಚಹದಂಗಡಿ,
ಕಿತ್ತಳೆ ಗುಡ್ಡೆ ಹಾಕಿಕೊಂಡು ಕೂತ ಕಾಮವ್ವ,
ಬೇಲಿಯ ಮೇಲೆ ಒಣಗುವ ಬಲೆ,
ಅದರ ಪಕ್ಕಕ್ಕೇ ಸಾಲಾಗಿ ನೇತಾಡುವ
ಅದೇ ಹಣ್ಣಿನ ಬಣ್ಣದ ಲೈಫ್ ಜಾಕೆಟ್ಟು.
"ನೀವು ಆ ಕಂಡಕ್ಟರಮ್ಮ ಅಲ್ಲವಾ?" ಎಂದಳು ಕಾಮವ್ವ.
"ತೊಂಬತ್ತೆಂಟರಲ್ಲಿ ನನ್ನ ಕೋಳಿಗೂ ಹಾಫ್ ಟಿಕೆಟ್ ಹರಿದಿದ್ದಿರಿ."
ನೆನಪಿಲ್ಲ.
ಅವಳು ಎರಡು ಹಣ್ಣು ಹೆಚ್ಚೇ ಹಾಕಿದಳು,
ಕ್ಷಮೆಯೋ ಸೇಡೋ ತಿಳಿಯಲಿಲ್ಲ.

ಬೋಟಿನ ಹುಡುಗ ಮೊಯ್ದು. ಕಾಲೇಜಿಗೆ ಡಿಸೆಂಬರ್ ರಜೆ.
ರಸೀದಿ ಪುಸ್ತಕದಿಂದ ಎರಡು ಹಾಳೆ ಹರಿದು ಕೈಗಿಟ್ಟ,
ಅಂಚು ಸೊಟ್ಟ.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನೀರಿಗಿಳಿದಾಗ ಮಂಜು ಇನ್ನೂ ಎದ್ದಿರಲಿಲ್ಲ.
ಆಚೆ ದಡವಿಲ್ಲ, ಬೆಟ್ಟವಿಲ್ಲ, ಹುಟ್ಟಿನ ತುದಿಯೂ ಇಲ್ಲ.
ಒಣಮರದ ಬೊಡ್ಡೆಯೊಂದು ದಿಢೀರನೆ ಎದುರಾದಾಗ
ಬೆಳ್ಯಪ್ಪನ ಬಲಗಾಲು ಬೋಟಿನ ತಳವನ್ನು ಒತ್ತಿತು,
ಒತ್ತಿತು, ಮತ್ತೆ ಒತ್ತಿತು.
ನೀರೇ ನಮ್ಮನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು,
ಘಾಟಿಯಲ್ಲಿ ಲಾರಿಗೆ ಜಾಗ ಕೊಡುವ ಹಾಗೆ.
ಬೊಡ್ಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ನಿಂತಿತ್ತು,
ಬಿಸಿಲು ಬರುತ್ತದೆಂಬ ಭರವಸೆಯಲ್ಲಿ.
ನಾನೂ ಕೈ ಮೇಲೆತ್ತಿದೆ, ಹಿಡಿಯಲು ಕಂಬಿಯಿರಲಿಲ್ಲ.
ಕೈ ಹಾಗೇ ಇತ್ತು ಸ್ವಲ್ಪ ಹೊತ್ತು
ಯಾರನ್ನೋ ಕರೆಯುವಂತೆ.

ನಡುನೀರಲ್ಲಿ ಹುಟ್ಟು ನಿಲ್ಲಿಸಿ ಮೊಯ್ದು ಕೇಳಿದ:
"ಎಲ್ಲಿಗೆ ಹೋಗಬೇಕು?"

ಎಷ್ಟು ಲಕ್ಷ ಸಲ ಕೇಳಿದ್ದೇನೋ ಇದನ್ನು,
ಹಿಂದಿನ ಸೀಟಿನ ಕತ್ತಲೆಗೆ,
ನಿದ್ದೆಹೋದ ಹೆಗಲುಗಳಿಗೆ, ಮಡಿಲ ಕೋಳಿಗಳಿಗೆ.
ಉತ್ತರ ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ
ಒಂದಿಷ್ಟು ಕಾಯುತ್ತಿದ್ದೆ.

ಕಿತ್ತಳೆ ಸುಲಿದೆ. ಸಿಪ್ಪೆಯ ಘಾಟು ಚಳಿಗೆ ಸಿಡಿದು ಮೂಗಿಗೇರಿತು.
ಮೂವರೂ ತಿಂದೆವು,
ಬೀಜಗಳನ್ನು ಅಂಗೈಯಲ್ಲೇ ಹಿಡಿದುಕೊಂಡು.
ಮಂಜಿನಾಚೆ, ಮೇಲಿನ ರಸ್ತೆಯಲ್ಲಿ,
ಎಂಟೂವರೆಯ ಬಸ್ಸು ಗೇರು ಬದಲಿಸಿತು.

"ಕ್ಲಚ್ ಹೋಗಿದೆ" ಎಂದ ಬೆಳ್ಯಪ್ಪ,
ಕಣ್ಣು ಮುಚ್ಚಿಯೇ.