ಮೊದಲು ಏಳನೆಯದು

ಯಶೋಮತಿ, ನೀನು ಕೇಳಿದ್ದು ಸೋಮವಾರ,
ನನ್ನ ಮಂಡಿಯನ್ನು ಅಂಗೈಯಲ್ಲಿ ಆನಿಸಿಕೊಂಡು:
‘ಇದೇನ್ ಸಾರ್, ಶುರುವಾಗೋಕ್ಕೇ ಇಷ್ಟು ಹೊತ್ತು?’
ಹದಿನಾಲ್ಕನೇ ಸಲ ಕಾಲು ಮಡಚುತ್ತಿದ್ದೆ,
ಹಲ್ಲು ಕಚ್ಚಿದ್ದರಿಂದ ಉತ್ತರ ಹೊರಡಲಿಲ್ಲ.
ಈಗ ಹೇಳುತ್ತೇನೆ.

ಅವನು ಬ್ರೂಕ್ನರ್. ಆಸ್ಟ್ರಿಯದ ಹಳ್ಳಿಮೇಷ್ಟರ ಮಗ,
ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು.
ಅವನಿಗೊಂದು ಗೀಳು, ಎಣಿಸುವುದು.
ಕಿಟಕಿ ಕಂಡರೆ ಕಿಟಕಿ, ಎಲೆ ಕಂಡರೆ ಎಲೆ.
ನೀನೂ ಅದೇ ಜಾತಿ. ಹತ್ತಕ್ಕೆ ಬಿಡುತ್ತೇನೆಂದು
ಹನ್ನೆರಡರ ತನಕ ಎಳೆಯುವವಳು.

ಯಾವುದರಿಂದ ಶುರು ಮಾಡಲಿ ಅಂದೆ.
ಒಂದರಿಂದಲ್ಲ. ಸೊನ್ನೆಯಿಂದಂತೂ ಅಲ್ಲವೇ ಅಲ್ಲ.
ನಗಬೇಡ, ಸೊನ್ನೆ ಎಂದೇ ಒಂದು ಸಿಂಫನಿ ಇದೆ;
ಬರೆದವನೇ ಬೇಡವೆಂದು ಅದರ ಮೇಲೆ ಸೊನ್ನೆ ಸುತ್ತಿದ.
ಬಲ್ಲವರು ನಾಲ್ಕನೆಯದು ಕೇಳು ಅನ್ನುತ್ತಾರೆ:
ಕೊಂಬಿನ ಕೂಗು, ಬೆಳಗಿನ ಕಾಡು,
ಕೇಳಿದ ಕೂಡಲೇ ಹಿಡಿಸುತ್ತದೆ.
ಹಿಡಿಸಿತೆಂದೇ ಎಷ್ಟೋ ಜನ ಅಲ್ಲೇ ಉಳಿದರು,
ಕಬ್ಬನ್ ಪಾರ್ಕು ಸುತ್ತಿ ಬೆಂಗಳೂರು ಮುಗಿಸಿದವರ ಹಾಗೆ.

ನಿನಗೆ ಏಳನೆಯದು.
ಅದರಲ್ಲಿ ಯಾವ ರೆಕಾರ್ಡಿಂಗು? ಅಲ್ಲೇ ಇರುವುದು ರಗಳೆ.
ನನ್ನ ಹತ್ತಿರ ಐದಿವೆ.
ಬ್ರಿಗೇಡ್ ರೋಡಿನ ಮಹಡಿ ಅಂಗಡಿಯಲ್ಲಿ
ಆ ತಿಂಗಳ ಬೋನಸ್ಸು ಸುರಿದು ತಂದ ಸಿ.ಡಿ.
ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ,
ಎಲ್ಲ ಕಾಣುತ್ತದೆ, ಯಾವುದೂ ಮುಟ್ಟುವುದಿಲ್ಲ.
ಇನ್ನೊಂದು ತೀರಾ ನಿಧಾನ. ಅಕ್ಕಿ ನೆನೆಹಾಕಿ ಕೂತರೆ
ದೋಸೆ ಆದ ಮೇಲೂ ಎರಡನೇ ಭಾಗ ಮುಗಿದಿರುವುದಿಲ್ಲ.
ಉಳಿದೆರಡರ ಮಾತು ಬೇಡ, ಸಿಟ್ಟು ಬರುತ್ತದೆ.

ನೀನು ಒಯ್ಯಬೇಕಾದ್ದು ಹಸಿರು ಡಬ್ಬಿಯ ಕ್ಯಾಸೆಟ್ಟು.
ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದೇನೆ. ಮಾನೋ. ಗೊರಗೊರ.
ಎರಡನೇ ಭಾಗದಲ್ಲಿ ಒಬ್ಬ ಕೆಮ್ಮುತ್ತಾನೆ,
ಮೂವತ್ತು ವರ್ಷವಾಯಿತು, ಇನ್ನೂ ವಾಸಿಯಾಗಿಲ್ಲ.

ಒಂದು ಗುಟ್ಟು ಹೇಳದಿದ್ದರೆ ಮೋಸವಾದೀತು.
ಎಚ್‌ಎಎಲ್‌ನಲ್ಲಿ ಎಂಜಿನ್ ಪರೀಕ್ಷಿಸುತ್ತ
ಇಪ್ಪತ್ತಾರು ವರ್ಷ ನಿಂತವನು ನಾನು,
ಎಡಗಿವಿ ಅಲ್ಲೇ ಬಿಟ್ಟುಬಂದೆ.
ಸ್ಟೀರಿಯೋ ಅನ್ನುವುದು ನನಗೆ ಬರೀ ಕೇಳಿದ ಸುದ್ದಿ.
ನನ್ನ ಶಿಫಾರಸನ್ನು ಅರ್ಧಕ್ಕೆ ತಗೋ.

ಆ ಎರಡನೇ ಭಾಗ ಏರುತ್ತ ಏರುತ್ತ ಹೋಗಿ
ತುತ್ತತುದಿಯಲ್ಲಿ ಒಂದೇ ಒಂದು ಸಲ ಕಂಚಿನ ತಾಳ.
ಇಡೀ ಸಿಂಫನಿಗೆ ಒಂದೇ ಹೊಡೆತ.
ಅದಕ್ಕೂ ತಕರಾರು: ಕೈಬರಹದ ಪ್ರತಿಗೆ ಅಂಟಿಸಿದ ಚೀಟಿಯಲ್ಲಿ
ಯಾರೋ ‘ಸಲ್ಲದು’ ಎಂದು ಗೀಚಿದ್ದಾರಂತೆ,
ಯಾರ ಕೈ ಎಂದು ವಿದ್ವಾಂಸರು ಇನ್ನೂ ಕಚ್ಚಾಡುತ್ತಾರೆ.
ಹಸಿರು ಡಬ್ಬಿಯವರು ಚೀಟಿಯ ಕಡೆಯವರು.
ಎಲ್ಲ ವಾದ್ಯವೂ ತುದಿಗಾಲಲ್ಲಿ ನಿಲ್ಲುತ್ತವೆ,
ತಾಳ ಬೀಳುವುದಿಲ್ಲ.

ಹೇಮಾವತಿಗೆ ಇದು ತಡೆಯಲಿಲ್ಲ.
ಒಂದು ಭಾನುವಾರ ಅಡುಗೆಮನೆಯಿಂದ, ಸರಿಯಾಗಿ ಆ ಜಾಗಕ್ಕೆ,
ತಟ್ಟೆಗೆ ತಟ್ಟೆ ಬಡಿದಳು. ಝಣ್!
ಅವಳಿಗೆ ಸಿಂಫನಿ ಗೊತ್ತಿಲ್ಲ, ಜಾಗ ಗೊತ್ತು.
ಈಗ ತಾಳ ಇರುವ ಸಿ.ಡಿ. ಹಾಕಿದರೂ ಬಡಿಯುತ್ತಾಳೆ,
ನಮ್ಮ ಮುರುಗೇಶಪಾಳ್ಯದಲ್ಲಿ ಮಾತ್ರ
ಬ್ರೂಕ್ನರನಿಗೆ ಎರಡು ಹೊಡೆತ.

ಸ್ಕೂಟರಿನಲ್ಲಿ ಕೇಳಬೇಡ.
ಅವನು ನಡುನಡುವೆ ಸುಮ್ಮನಾಗುತ್ತಾನೆ,
ಬಿಟ್ಟ ಆ ಜಾಗಕ್ಕೆ ಹಳೇ ಏರ್‌ಪೋರ್ಟ್ ರಸ್ತೆಯೆಲ್ಲ
ಹಾರನ್ ಸಮೇತ ನುಗ್ಗುತ್ತದೆ.
ಮನೆಯಲ್ಲಿ, ಊಟವಾದ ಮೇಲೆ, ಫ್ಯಾನ್ ಆರಿಸಿ.
ಎಂಟನೆಯದನ್ನು ನಾನು ಮೆಟ್ಟಿಲು ಹತ್ತುವ ದಿನ ಕೊಡುತ್ತೇನೆ.
ಒಂಬತ್ತು ಆಮೇಲೆ. ಅದನ್ನು ಮುಗಿಸದೆ ಹೋದ.

ಬುಧವಾರ ಬಂದು ‘ಚೆನ್ನಾಗಿತ್ತು ಸಾರ್’ ಅನ್ನಬೇಡ.
ಎಲ್ಲಿ ಬೇಜಾರಾಯಿತು, ಎಲ್ಲಿ ನಿದ್ದೆ ಹತ್ತಿತು,
ಎಷ್ಟನೇ ನಿಮಿಷ, ಹೇಳು.
ನನ್ನ ಮಂಡಿಯನ್ನು ನೀನು ಕೇಳುವುದಿಲ್ಲವೆ
ಹೆಬ್ಬೆರಳು ಒತ್ತಿ, ಒತ್ತಿ:
ಇಲ್ಲಾ?
ಇಲ್ಲಾ?
ಇನ್ನೂ ಸ್ವಲ್ಪ ಕೆಳಗಾ?