ಬಾನೆಟ್ಟಿನ ಬಿಳಿ

ಜೆ.ಸಿ. ರೋಡಿನ ಹಿಂದಿನ ಗಲ್ಲಿಯಲ್ಲಿ
ಗಾಡಿಗಳಿಗೆ ಬಣ್ಣ ಬೆರೆಸುತ್ತೇನೆ.
ಬಿಳಿ ಅಂದರೆ ಒಂದೇ ಅನ್ನುವವರು
ನನ್ನ ಕಪಾಟು ನೋಡಿಲ್ಲ:
ಹದಿನೇಳು ಡಬ್ಬಿ. ಹಸುವಿನ ಹಾಲು, ಎಮ್ಮೆಯ ಹಾಲು,
ಅಕ್ಕಿ ತೊಳೆದ ನೀರು,
ನೀಲಿ ಹೆಚ್ಚಾದ ಮೇಷ್ಟರ ಪಂಚೆ.

ಹುಣ್ಣಿಮೆಯ ಮಾರನೆ ದಿನ, ಏಳೂವರೆ.
ಶಟರು ಎಳೆಯುವ ಹೊತ್ತಿಗೆ
ಟ್ಯಾಕ್ಸಿ ಚಿಕ್ಕಮುನಿಯಪ್ಪ ಬಂದು ಬ್ರೇಕು ಹಾಕಿದ.
“ಅಕ್ಕಾ, ಬಾಗಿಲು ಒಂದು ಬಿಳಿ, ಬಾನೆಟ್ಟು ಒಂದು ಬಿಳಿ.
ಕೆಡಿಸಿಬಿಟ್ಟೆ ನನ್ ಗಾಡೀನ.”
ಹೌದು, ಹಳದಿ ಬೀದಿದೀಪದ ಕೆಳಗೆ
ಎರಡೂ ಸವತಿಯರ ಹಾಗೆ ಮುಖ ತಿರುಗಿಸಿ ಕೂತಿದ್ದವು.
“ತಪ್ಪು ಬಣ್ಣದ್ದಲ್ಲ, ದೀಪದ್ದು” ಅಂದೆ.
“ಸರಿ, ಕಾರ್ಪೊರೇಷನ್ ಮೇಲೆ ಹಾಕು” ಅಂದ.

ಆಗಲೇ ವಿಲ್ಸನ್ ಗಾರ್ಡನ್ ಕಡೆ
ಯಾವುದೋ ಕ್ರೇನಿನ ಸಂದಿಯಿಂದ ಚಂದ್ರ ಎದ್ದ.
ತಿಂಗಳಿಂದ ಹುಣಿಸೆಹಣ್ಣು ಕಾಣದ ತಾಮ್ರದ ಹಂಡೆ.
ತಳ ಸ್ವಲ್ಪ ನಜ್ಜಿತ್ತು.
“ನೋಡು, ಅದಕ್ಕೂ ನೀನೇನಾ ಬೆರೆಸಿದ್ದು?
ರೆಡ್ ಆಕ್ಸೈಡ್ ಹೊಡೆದು ಮೇಲಿನ ಕೋಟು ಮರೆತಿದ್ದೀಯ.”

ನಗು ಬಂತು. ಉಸ್ತಾದ್ ಜಬೀವುಲ್ಲಾ ನೆನಪಾದರು.
ಮಧ್ಯಾಹ್ನ ಅವರು ಬೀಡಿ ಹಚ್ಚಿದರೆ
ತಗಡಿನ ತೂತಿನಿಂದ ಬಿದ್ದ ಬಿಸಿಲುಕೋಲಿನಲ್ಲಿ
ಹೊಗೆ ನೀಲಿ, ನೀಲಿ.
ಅದೇ ಹೊಗೆಯೊಳಗಿಂದ ತೂತಿನ ಕಡೆ ನೋಡಿದರೆ
ಬಿಸಿಲು ಕೆಂಚಗೆ, ಕಾಸಿದ ಬೆಲ್ಲದ ಹಾಗೆ.
“ಕಂಡ್ಯಾ ಮಗಳೇ? ಹೊಗೆ ಏನೂ ಬಳೀಲಿಲ್ಲ.
ನೀಲೀನ ಎರಚಿಬಿಡ್ತು,
ಕೂಸಿನ ಕೈಗೆ ಸಿಕ್ಕ ಕಡ್ಲೆಪುರಿ ಹಾಗೆ.
ಕೆಂಪು ಗಟ್ಟಿ ಆಸಾಮಿ, ನೆಟ್ಟಗೆ ಬಂತು.”

ಚಂದ್ರನಿಗೂ ಅಷ್ಟೇ.
ನೆತ್ತಿಯ ಮೇಲಿದ್ದಾಗ ಗಾಳಿಯ ದಾರಿ ಮೋಟು.
ನೆಲಕ್ಕೆ ಅಂಟಿಕೊಂಡು ಅಡ್ಡ ನೋಡುವಾಗ
ಎಷ್ಟು ಗಾಳಿ ತೂರಿ ಬರಬೇಕು ಆ ಬೆಳಕು,
ಅದರ ಮೇಲೆ ಹೊಸಕೋಟೆಯ ಲಾರಿ ಧೂಳು,
ಮೆಟ್ರೋ ಅಗೆದ ಮಣ್ಣು,
ಊರಿಗೂರೇ ಹಾಕಿದ ಸಂಜೆಯ ಒಗ್ಗರಣೆ.
ನೀಲಿಯೆಲ್ಲ ದಾರಿಯಲ್ಲೇ ಚೆಲ್ಲಿ
ಉಳಿದ ಚಿಲ್ಲರೆ ನಮ್ಮ ಗಲ್ಲಿಗೆ.
ಅವನ ಸ್ವಂತ ಮೈಬಣ್ಣವೋ, ಹಳೇ ಡಾಂಬರು ರೋಡು.

ಕೊನೆಕೊನೆಗೆ ಉಸ್ತಾದರ ಕಣ್ಣಿಗೇ ಪೊರೆ ಬಂತು.
ಕಂಡದ್ದೆಲ್ಲ ಹಳದಿ. ಆ ಹಳದಿಯನ್ನು ಮುರಿಯಲು
ಪ್ರತಿ ಬಿಳಿಗೂ ಎರಡು ತೊಟ್ಟು ನೀಲಿ ಹೆಚ್ಚು.
ಅವರು ನಮಾಜಿಗೆ ಹೋದಾಗ
ನಾನು ಡಬ್ಬಿಯ ಮುಚ್ಚಳ ಎಬ್ಬಿಸಿ
ಹಳದಿ ಒಂದು ತೊಟ್ಟು ಬಿಟ್ಟು
ಸದ್ದಾಗದಂತೆ ಕಲಕುತ್ತಿದ್ದೆ.
ಮೂರು ವರ್ಷ.

ಮಿಂಟೋ ಆಸ್ಪತ್ರೆಯಲ್ಲಿ ಪೊರೆ ತೆಗೆಸಿದ ವಾರಕ್ಕೆ
ರಾತ್ರಿ ಗಲ್ಲಿಗೆ ಬಂದು ಕತ್ತೆತ್ತಿದರು.
“ಅರೆ, ಇದನ್ನ ಯಾರು ತೊಳೆದರು?”
ಆಮೇಲೆ, ಚಂದ್ರನನ್ನು ಬಿಟ್ಟು ನನ್ನನ್ನೇ ನೋಡುತ್ತ,
“ಎಷ್ಟು ಗಾಡಿ ಕೆಡಿಸಿದೆ ನಾನು?”
“ಒಂದೂ ಇಲ್ಲ” ಅಂದೆ.

ಚಿಕ್ಕಮುನಿಯಪ್ಪನ ಬಾನೆಟ್ಟು ಆ ಕಾಲದ್ದು.
ಅವರ ನೀಲಿ, ನನ್ನ ಹಳದಿ.
ಹಗಲಲ್ಲಿ ಯಾವ ಕಣ್ಣಿಗೂ ಸಿಗುವುದಿಲ್ಲ;
ಈ ಕಂಬದ ದೀಪ ಒಂದೇ
ಅದನ್ನು ಬೀದಿಯಲ್ಲಿ ನಿಂತು ಕೂಗಿ ಹೇಳುವುದು.

“ಬೆಳಗ್ಗೆ ಬಿಸಿಲಿಗೆ ತಂದು ನಿಲ್ಲಿಸು.
ಆಗಲೂ ಬೇರೆ ಕಂಡರೆ ಕಾಸು ವಾಪಸ್.”
ಗೊಣಗುತ್ತಲೇ ಬೈಟು ಟೀ ಕುಡಿದು ಹೋದ.

ಬೀಗ ಹಾಕಿ ತಿರುಗಿದರೆ
ಕೇಬಲ್ ವೈರುಗಳನ್ನು ದಾಟಿ ಮೇಲೆ ಹತ್ತಿದ್ದ ಚಂದ್ರ,
ಹದಿನೇಳರಲ್ಲಿ ಯಾವುದೋ ಒಂದು ಬಿಳಿ.
ಯಾವುದೆಂದು ತಾಳೆ ನೋಡಬಹುದಿತ್ತು.
ಕೀಲಿ ಸೆರಗಿನ ತುದಿಗೆ ಗಂಟು ಹಾಕಿ
ಬಸ್‌ಸ್ಟಾಪಿನ ಕಡೆ ನಡೆದೆ.