ಇಪ್ಪತ್ತೆರಡು ಡಿಗ್ರಿ

ತಿಂದಾರಾ, ಗರಗಸ ಕೊಡು. ಏಣಿ ಹಿಡಿ.
ಈ ಕೊಂಬೆ ತುದಿಯಿಂದ ಒಣಗುತ್ತ ಬಂದಿದೆ.
ಎಲೆ ಉದುರಿದೆ, ತೊಟ್ಟು ಮಾತ್ರ ಕೂತಿದೆ,
ಊಟ ಮುಗಿದರೂ ಏಳದ ನೆಂಟರ ಹಾಗೆ.

ಒಂದು ಗೇಣು ಕೊಯ್ದೆ. ಕೆಂಪು.
ಇನ್ನೊಂದು ಗೇಣು. ಇನ್ನೂ ಕೆಂಪು.
ನಿಂಬೆಯ ತೊಗಟೆಯಡಿ ಹಸಿಮೀನಿನ ಒಳಬಣ್ಣ.
ಬಿಳಿ ಕಾಣುವ ತನಕ ಇಳಿಯಬೇಕು,
ಬಿಳಿ ಎಲ್ಲಿದೆಯೋ.

ಯಾವಾಗ ಹೊಕ್ಕಿತು ಎನ್ನುತ್ತೀ.
ನವೆಂಬರಿನ ಆ ರಾತ್ರಿ ನೆನಪಿದೆಯಾ,
ತಗಡಿನ ಮೇಲೆ ಆಲಿಕಲ್ಲು ಕಡಲೆ ಹುರಿದದ್ದು?
ನಾವು ಕಾರಿಗೆ ಕಂಬಳಿ ಹೊದಿಸಲು ಓಡಿದೆವು.
ಗಿಡಗಳಿಗಾಗಿ ಯಾರೂ ಓಡಲಿಲ್ಲ.
ಒಂದೊಂದು ಕಲ್ಲೂ ಒಂದೊಂದು ಬಾಗಿಲು ತೆರೆದಿಟ್ಟು ಕರಗಿತು.
ಬೆಳಗ್ಗೆ ಮಳೆ, ತೀರ ಸಣ್ಣದು.
ಸತ್ತ ಕಡ್ಡಿಯಿಂದ ಹಸಿ ಗಾಯಕ್ಕೆ
ಹನಿಯ ಬೆನ್ನೇರಿ ಜಿಗಿಯಿತು.
ಎರಡು ದಿನ ಎಲೆ ಆರಲಿಲ್ಲ.
ಅಷ್ಟೇ. ಅದಕ್ಕೆ ಬೇಕಾದ್ದು ಅಷ್ಟೇ.

ಆಮೇಲೆ ಬಂತಲ್ಲ ಆ ಹದ,
ಇಪ್ಪತ್ತೆರಡು ಡಿಗ್ರಿ, ತೆಳು ಮೋಡ,
ಕಡಲ ಕಡೆಯಿಂದ ಉಪ್ಪುಗಾಳಿ.
ನಿನ್ನತ್ತೆ ಕುರ್ಚಿ ಹೊರಗೆ ತಂದಳು.
ಜರ್ಮನಿಯ ಗಂಡಹೆಂಡಿರು ಸೈಕಲ್ಲು ನಿಲ್ಲಿಸಿ
ಫೋಟೋ ತೆಗೆದು, ಸ್ವರ್ಗ ಅಂದರು.
ನಾನೂ ಅಂದೆ, ಅಂಗಿ ಬಿಚ್ಚಿ ಕೂತು.
ಬೂಷ್ಟೂ ಅದನ್ನೇ ಅಂದಿರಬೇಕು
ಮರದ ನೀರುನಾಳದಲ್ಲಿ ಕಾಲು ಚಾಚಿ.

ಬೈಯುವುದು ಮಾತ್ರ ನಾವು ಜುಲೈಯನ್ನು.
ಆಫ್ರಿಕಾದಿಂದ ಬೀಸುವ ಬೆಂಕಿ, ಹಲ್ಲಿನಲ್ಲಿ ಮರಳು,
ನಾಯಿ ಕೂಡ ಬೊಗಳುವುದಿಲ್ಲ.
ಆಗಲೇ ಅದು ಮುದುರಿ ಕೂರುವುದು.
ನಮ್ಮ ಬೇಗೆ ಮರಕ್ಕೆ ಬಿಡುವು.

ಔಷಧದಂಗಡಿಯ ಪಾಸ್ಕಾಲಿನೊ ಡಬ್ಬಿ ತೋರಿಸುತ್ತಾನೆ:
ತಾಮ್ರ ಹೊಡೆಯಿರಿ, ಮಳೆಗೆ ಮುಂಚೆ.
ಮುಂಚೆ! ಮಳೆಯೇನು ಕಾಗದ ಬರೆದು ಬರುತ್ತದಾ?
ಇನ್ಯಾರೋ ಮೊನಾಕೆಲ್ಲೊ ತಳಿ ನೆಡಿ ಎಂದರು,
ಸುಲಭಕ್ಕೆ ಸಾಯುವುದಿಲ್ಲ, ರಸವೂ ಅಷ್ಟಕ್ಕಷ್ಟೆ.
ನಿನ್ನ ಮಾವ ಹಣ್ಣು ಹಿಂಡಿ ನೋಡಿ
ಬೆರಳು ಒರೆಸಿಕೊಂಡ. ಮಾತಾಡಲಿಲ್ಲ.

ಸಿಕ್ಕಿತು ಬಿಳಿ. ಮೊಣಕಾಲೆತ್ತರದಲ್ಲಿ.
ಹನ್ನೊಂದು ವರ್ಷದ ಮರ,
ಈಗ ಮಗುವನ್ನು ಕೂರಿಸಬಹುದಾದಷ್ಟು.
ಮೇಣ ಬಳಿ, ದಪ್ಪಗೆ. ಗರಗಸ ಮಾಡಿದ್ದೂ ಗಾಯವೇ.
ಕಡಿದದ್ದನ್ನು ನೆಲಕ್ಕೆ ಬಿಡಬೇಡ,
ಒಂದು ಕಡ್ಡಿಯನ್ನೂ; ಕತ್ತಲಾಗುವ ಮುಂಚೆ ಸುಡೋಣ.
ಎಟ್ನಾದ ತಲೆಗೆ ಮೋಡದ ಟೋಪಿ ಬಂದಿದೆ.
ಗಾಳಿ ತಣ್ಣಗೆ ಕುತ್ತಿಗೆ ಸವರುತ್ತಿದೆ.

ಎಷ್ಟು ಹಿತವಾಗಿದೆ ಅಲ್ಲವಾ,
ತಿಂದಾರಾ, ಇವತ್ತು.